ಎಡೆಯ ಮುಂದಿನ ಹೆಲಿಕಾಪ್ಟರ್

"ಮೇಡಂ, ಅಣ್ಣನ್ನ ಇನ್ನೊಂದ್ಸಲ ಕಳ್ಕೊಂಡ್ಬುಟ್ವಿ," ಎನ್ನುತ್ತಲೇ ಮಲ್ಲಿಪಟ್ಟಣದ ಧನ್ಯಾ ಜಗಲಿ ಹತ್ತಿದಳು.

ನಾನಾಗ ಬಸವಲಿಂಗಮ್ಮ ಮೇಡಂಗೆ ತರಕಾರಿ ಕೊಟ್ಟು ಹೊರಡುವುದರಲ್ಲಿದ್ದೆ. ಅರಕಲಗೂಡಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಈಕೆಯ ಬಳಿಗೆ, ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಬರುತ್ತಾರೆ. ಅವರನ್ನು ಅಲ್ಲಿಗೆಲ್ಲ ಕರೆದೊಯ್ಯುವುದು ನನ್ನ ಆಟೋ.

ಧನ್ಯಾಳ ಅಣ್ಣ ದಿಲೀಪ್ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಕನ್ಸೋಲಿಗೆಂದು ತಾನೇ ಒಂದು ಹೆಲಿಕಾಪ್ಟರ್ ಆಟ ಕಟ್ಟುತ್ತಿದ್ದ. ಲ್ಯಾಪ್‌ಟಾಪ್ ಬೈಕಿನೊಂದಿಗೇ ನುಜ್ಜುಗುಜ್ಜಾಗಿತ್ತು. ಆಟದ ಕೋಡು, ಚಿತ್ರ ಎಲ್ಲಾ ಉಳಿದದ್ದು ಕನ್ಸೋಲಿನ ಮೆಮೊರಿ ಕಾರ್ಡಿನಲ್ಲಿ ಮಾತ್ರ. ತಿಥಿಯ ದಿನ ಮುದ್ದೆ, ಕೋಳಿಸಾರಿನ ಜೊತೆ ಕನ್ಸೋಲನ್ನೂ ಎಡೆಗಿಟ್ಟು ಬಾಗಿಲು ಮುಚ್ಚಿದ್ದರು. ತೆರೆದಾಗ ಕಾರ್ಡಿರಲಿಲ್ಲ.

"ಅದನ್ನ ಮುಗ್ಸಿ ಎಲ್ರಿಗೂ ಆಡಕ್ ಬಿಡ್ಬೇಕು ಅಂತ ಅವನಾಸೆ. ಅವನ ಸ್ನೇಹಿತ ಅನಿಲ್‌ಕುಮಾರನ ಮೇಲೇ ಅನುಮಾನ ಮೇಡಂ. ಆಟದಲ್ಲಿ ನನ್ನೆಸ್ರೂ ಆಕಿ ಅಂತ ಜಗಳ ತೆಗ್ದಿದ್ದ."

ಇಬ್ಬರನ್ನೂ ಆಟೋದಲ್ಲಿ ಧನ್ಯಾಳ ಮನೆಗೆ ಕರೆದೊಯ್ದೆ. ಅನಿಲನೂ ಅಲ್ಲಿಗೆ ಬಂದ. "ಎಡೆ ಮುಂದೆ ಕದಿಯೋ ನನ್ಮಗ ಅಲ್ಲಣ್ಣ ನಾನು," ಎಂದು ನನ್ನ ಮೇಲೆಯೇ ರೇಗಿದ. "ಆಟ ಆನ್ ಮಾಡಿಟ್ಟು ಎಲ್ರ ಜೊತೆ ಈಚೆ ಬಂದೆ. ಆಗ್ಲೂ ರೆಕ್ಕೆ ಸದ್ದು ಕೇಳ್ತಿತ್ತು."

"ಅದಕ್ಕೆ ಮುಂಚೆ ಯಾರು ಆಡಿದ್ರು?" ಮೇಡಂ ಕೇಳಿದರು.

"ನೆಂಟ್ರ ಮಕ್ಳು," ಎಂದಳು ಧನ್ಯಾ. "ಎಲಿಕಾಪ್ಟ್ರು ಬಿದ್ರೆ ಅಣ್ಣನ ದನಿ ಬರುತ್ತೆ, 'ಬಿದ್ದೆ ಕಣಪ್ಪೋ' ಅಂತ. ತಮಾಷೆಗೆ ಅವ್ನೇ ರೆಕಾರ್ಡ್ ಮಾಡಿದ್ದು. ನಗಕ್ಕೆ ಅಂತ್ಲೇ ಬೀಳ್ಸೋವು."

ಸತ್ತವರು ಬಂದರೆ ಹೆಜ್ಜೆ ಮೂಡಲೆಂದು ಎಡೆಯ ಸುತ್ತ ಬೂದಿ ಚೆಲ್ಲುವುದು ಆ ಮನೆಯ ಪದ್ಧತಿ. ಮೇಡಂ ಆ ಬೂದಿಯ ಬಗ್ಗೆ ಕೇಳಿದರು.

"ನಮ್ ಯಜಮಾನ್ರೇ ಬೂದಿ ಉಯ್ದು ಬಾಗ್ಲಾಕಿದ್ರು," ಎಂದರು ತಾಯಿ ಬೆಟ್ಟಮ್ಮ. "ಒಂದ್ ಎಜ್ಜೇನೂ ಮೂಡಿರ್ಲಿಲ್ಲ ಕಣವ್ವ. ನನ್ ಕಂದ ಬರ್ಲೇ ಇಲ್ಲ."

ಮೇಡಂ ಕನ್ಸೋಲನ್ನು ಬೆಳಕಿಗೆ ಹಿಡಿದರು. ಕಾರ್ಡು ಕೂರುವ ಸಂದಿಯ ಅಂಚೆಲ್ಲ ಗೀರಿತ್ತು. ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು.

"ಈ ಕಾರ್ಡು ಒಳಕ್ಕೆ ಒತ್ತಿದರೆ ತಾನೇ ಹೊರಗೆ ಚಿಮ್ಮುತ್ತೆ. ಅನಿಲನಿಗೆ ಅದು ಗೊತ್ತು. ಗೊತ್ತಿಲ್ಲದವರು ಯಾರೋ ಮೀಟಿ ಕಿತ್ತಿದ್ದಾರೆ. ಬೂದಿ ಕೆದರಿಲ್ಲ ಅಂದ್ಮೇಲೆ, ಬೂದಿ ಚೆಲ್ಲೋಕೆ ಮುಂಚೇನೇ ಕಿತ್ತಿರಬೇಕು. ಆದರೆ ಎಲ್ಲರೂ ಹೊರಬಂದಾಗ ಆಟ ನಡೀತಾನೇ ಇತ್ತು, ಅಂದರೆ ಕಾರ್ಡು ಅದರಲ್ಲೇ ಇತ್ತು. ಆಮೇಲೆ ಬೂದಿ ಚೆಲ್ಲೋಕೆ ಒಳಗೆ ಉಳಿದವರು ಒಬ್ಬರೇ." ದನಿ ತಗ್ಗಿಸಿದರು. "ದೇವರಾಜಣ್ಣ, ಅವನ ದನಿ ಸಹಿಸೋಕಾಗಲಿಲ್ಲ, ಅಲ್ವಾ?"

ತಂದೆ ದೇವರಾಜು ಎಲೆಯಡಿಕೆ ಚೀಲದಿಂದ ಕಾರ್ಡು ತೆಗೆದು ನೆಲದ ಮೇಲಿಟ್ಟರು.

"ಅವ್ನು ಬಿದ್ದಾಗ ನಾನಲ್ಲಿರ್ಲಿಲ್ಲ ಮೇಡಂ. ಈ ಐಕ್ಳು ಗಳಿಗೆಗೊಂದ್ಸಲ ಬೀಳಿಸ್ತಿದ್ವು. ಬಿದ್ದಾಗೆಲ್ಲ ನನ್ನೇ ಕೂಗ್ತಿದ್ದ. ಇನ್ ಊರೂರಲ್ಲೂ ಬೀಳ್ಬೇಕಾ ಅವ್ನು?"

ಅನಿಲ ಮುಖ ತಿರುಗಿಸಿದ. ಧನ್ಯಾ ಅಪ್ಪನ ಪಕ್ಕ ಕುಳಿತಳು. "ಆ ದನಿ ತೆಗ್ದಾಕ್ತೀನಿ ಬಿಡಪ್ಪ."

"ಬ್ಯಾಡ!" ದೇವರಾಜು ಬೆಚ್ಚಿದರು. "ಅದ್ ಬುಟ್ರೆ ಇನ್ನೆಲ್ಲೈತೆ ಅವ್ನ ದನಿ? ಕಳ್ಸು, ಎಲ್ರೂ ಆಡ್ಲಿ. ಈ ಉಡ್ಗನ ಎಸ್ರೂ ಆಕು. ಒಂದೇ ಒಂದ್ಸಲ, ನನ್ ಮುಂದೆ, ಬೀಳಿಸ್ದಂಗೆ ಆಡವ್ವ."

ಧನ್ಯಾ ಕಾರ್ಡು ಹಾಕಿದಳು. ಶತ್ರುಗಳನ್ನೆಲ್ಲ ಬಿಟ್ಟು, ಯಾರೂ ಗುಂಡು ಹಾರಿಸದ ಒಂದು ಹೊಳೆಯ ಮೇಲೆ ಹೆಲಿಕಾಪ್ಟರನ್ನು ತೇಲಿಸುತ್ತ ಕೂತಳು. ಬೆಟ್ಟಮ್ಮ ಬಂದು ಗಂಡನ ಬೆನ್ನಿಗೊರಗಿ ಕೂತರು. ನಮ್ಮಲ್ಲಿ ಯಾರೂ ಏಳಲಿಲ್ಲ.

ಕೊನೆಗೆ ಬ್ಯಾಟರಿ ಮುಗಿದು ತೆರೆ ಕಪ್ಪಾಯಿತು. ಆಗಲೂ ಹೆಲಿಕಾಪ್ಟರ್ ಗಾಳಿಯಲ್ಲೇ ಇತ್ತು.