ನಾಯಕದರ್ಶಿ

ಪರದೆಯ ಮೇಲೆ ಅರವತ್ತು ಚಿಲ್ಲರೆ ಬಿಳಿ ಚುಕ್ಕಿಗಳಿದ್ದವು. ಒಂದೊಂದು ಚುಕ್ಕಿಯೂ ಒಬ್ಬ ಕೈದಿ. ಕರೆಗುಡ್ಡ ಜೈಲಿನ ಮೂರನೇ ಬ್ಯಾರಕ್ಕಿನವರು ಬೆಳಗಿನ ಹಾಜರಿಗೆಂದು ಅಂಗಳಕ್ಕೆ ಬರುತ್ತಿದ್ದರು. ಗೋಡೆ, ಕಂಬ, ನೆಲಗಳಲ್ಲಿ ಹುದುಗಿಸಿದ್ದ ಸಂವೇದಕಗಳು ಅವರ ಹೆಜ್ಜೆ, ಕತ್ತಿನ ತಿರುವು, ಉಸಿರಿನ ಏರಿಳಿತಗಳನ್ನು ಹೆಕ್ಕಿ ಹೆಕ್ಕಿ ಗಣಕಕ್ಕೆ ಕಳಿಸುತ್ತಿದ್ದವು. ಸ್ವಲ್ಪ ಹೊತ್ತಿಗೆ ಚುಕ್ಕಿಗಳ ನಡುವೆ ತೆಳ್ಳನೆಯ ಕೆಂಪು ಎಳೆಗಳು ಮೂಡಿದವು. ಎಳೆಗಳೆಲ್ಲ ನಿಧಾನವಾಗಿ ತಿರುಗಿ, ನೀರಿನ ತೊಟ್ಟಿಯ ಪಕ್ಕ ನಿಂತಿದ್ದ ಒಂದೇ ಚುಕ್ಕಿಯನ್ನು ಹೋಗಿ ಸೇರಿದವು.

“ಇವನೇ,” ಎಂದಳು ಡಾ. ಇಂಚರ.

ಜೈಲಿನ ಅಧೀಕ್ಷಕ ಫಕ್ಕೀರೇಶ ಹಳ್ಳಿಕೇರಿ ಪರದೆಗೆ ಮೂಗು ತಾಗುವಷ್ಟು ಬಾಗಿದ. “ಓಬಳೇಶ ಏನ್ರಿ? ಇಂವ ಬಾಯೇ ಬಿಡೂದಿಲ್ಲಲ್ರಿ ಮೇಡಂ. ದಿನಾ ಮೂಲ್ಯಾಗ ಕೂತು ಗಡ್ಡ ಕೆರಕೊಂತ ಇರತಾನ.”

“ಬಾಯಿ ಬಿಡಬೇಕಾಗಿಲ್ಲ ಸರ್. ಅವನು ನಿಂತ್ರೆ ಉಳಿದವರು ನಿಲ್ತಾರೆ. ತಾವು ಅವನನ್ನ ನೋಡಿ ನಿಂತ್ವಿ ಅನ್ನೋದು ಅವರಿಗೇ ಗೊತ್ತಿರಲ್ಲ.”

ಮಧ್ಯಾಹ್ನದೊಳಗೆ ಓಬಳೇಶನ ಕೈಗೆ ಕೋಳ ಬಿತ್ತು. ಜೀಪು ಹತ್ತುವ ಮುನ್ನ ಅವನು ಕಂಬದ ತುದಿಯಲ್ಲಿದ್ದ ಸಂವೇದಕವನ್ನು ಒಮ್ಮೆ ನೋಡಿದ, ಆಮೇಲೆ ಕಿಟಕಿಯಲ್ಲಿದ್ದ ಇಂಚರಳನ್ನು ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಏನನ್ನೋ ಲೆಕ್ಕ ಹಾಕುವವನ ಗಮನವಿತ್ತು. ಇಂಚರಳಿಗೆ ಒಳಗೊಳಗೇ ಅಳುಕಾಯಿತು. ಗೆದ್ದ ದಿನ ಅಳುಕಿದರೆ ಹೇಗೆ ಎಂದು ತನ್ನನ್ನು ತಾನೇ ಗದರಿಕೊಂಡಳು.

ಈ ಶತಮಾನದ ಅರ್ಧ ದಾಟಿ ಕೆಲವು ವರ್ಷಗಳಾಗಿದ್ದ ಕಾಲ ಅದು. ಅದಿರಿಗಾಗಿ ಬೆಟ್ಟಗಳನ್ನು ಅಗೆಯುತ್ತಿದ್ದ ಕಂಪನಿಗಳ ವಿರುದ್ಧ ಬಂದೂಕು ಹಿಡಿದವರು ‘ಗುಡ್ಡದ ದಳ’ ಎಂದು ಹೆಸರಾಗಿದ್ದರು. ಅವರಲ್ಲಿ ಬಹುಪಾಲು ಜನ ಈಗ ಜೈಲಿನಲ್ಲಿದ್ದರು, ಬೆಟ್ಟದಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಆದರೆ ಒಳಗೆ ಹಾಕಿದ ಮಾತ್ರಕ್ಕೆ ದಳ ಮುರಿಯಲಿಲ್ಲ. ಬ್ಯಾರಕ್ಕಿನಲ್ಲಿ ಓದಿನ ವರ್ಗಗಳು ಶುರುವಾದವು. ಮನೆಯಿಂದ ಬಂದ ತಿಂಡಿ ಒಬ್ಬನ ಪಾಲಾಗದೆ ಎಲ್ಲರ ಪಾಲಾಯಿತು. ಒಬ್ಬನಿಗೆ ಏಟು ಬಿದ್ದರೆ ಅಷ್ಟೂ ಜನ ತಾಟು ಮಗುಚಿ ಉಪವಾಸ ಕೂರುತ್ತಿದ್ದರು. ನೋಡಲು ಬರುವ ಬಂಧುಗಳ ಬಾಯಲ್ಲಿ ಅಪ್ಪಣೆಗಳು ಬೆಟ್ಟಕ್ಕೂ ಹೋಗುತ್ತಿದ್ದವು. ಅಪ್ಪಣೆ ಯಾರದು ಎಂಬುದೊಂದು ಮಾತ್ರ ಹಳ್ಳಿಕೇರಿಗೆ ಬಗೆಹರಿದಿರಲಿಲ್ಲ.

ಅದನ್ನು ಬಗೆಹರಿಸಲು ಬಂದದ್ದು ಇಂಚರ ಕಟ್ಟಿದ ಯಂತ್ರ, ನಾಯಕದರ್ಶಿ. ಸಭೆಯಲ್ಲಿ ಚಪ್ಪಾಳೆ ಹೇಗೆ ಏಳುತ್ತದೆ ನೋಡಿ: ಯಾರೋ ಒಬ್ಬರು ಮೊದಲು ತಟ್ಟುತ್ತಾರೆ, ಕಣ್ಣು ಮಿಟುಕಿಸುವಷ್ಟು ತಡವಾಗಿ ಉಳಿದವರು ಸೇರುತ್ತಾರೆ. ನಡೆಯುವಾಗ, ಕೂರುವಾಗ, ತಿರುಗುವಾಗಲೂ ಇಂಥದೇ ಸಣ್ಣ ತಡ ಇರುತ್ತದೆ. ಯಂತ್ರ ಈ ತಡಗಳನ್ನು ಅಳೆದು, ಯಾರ ಹಿಂದೆ ಯಾರು ಎಂಬ ಎಳೆಗಳನ್ನು ಎಳೆಯುತ್ತಿತ್ತು. ಮಾತನ್ನು ಅದು ಕೇಳುತ್ತಿರಲಿಲ್ಲ. ಕದ್ದು ಕೇಳುವುದನ್ನು ನ್ಯಾಯಾಲಯ ನಿಷೇಧಿಸಿತ್ತು. ಹಾಗಾಗಿ ತನ್ನ ಯಂತ್ರ ಬಹಳ ಸಭ್ಯವಾದದ್ದು ಎಂದು ಇಂಚರಳ ನಂಬಿಕೆ. ಸಂವೇದಕಗಳನ್ನು ಮಾಡಿಕೊಟ್ಟ ಅವಳ ಸಹೋದ್ಯೋಗಿ ಸುಮುಖ ಮಾತ್ರ, “ನಮ್ಮ ನಿರ್ದೇಶಕರ ಮೀಟಿಂಗಲ್ಲಿ ಇದನ್ನ ಒಂದು ದಿನ ಹಚ್ಚೋಣ ಕಣೇ, ಎಳೆ ಎಲ್ಲ ಬಿಸ್ಕತ್ತಿನ ತಟ್ಟೆ ಕಡೆ ಹೋಗುತ್ತೆ,” ಎಂದು ನಗಿಸುತ್ತಿದ್ದ. ಹದಿನೈದು ವರ್ಷ ಒಂದೇ ಮೇಜಿನ ಎರಡು ಬದಿ ದುಡಿದವರು ಅವರು.

ಯಂತ್ರ ತೋರಿಸಿದವನನ್ನು ಅದೇ ದಿನ ದೂರದ ಜೈಲಿನ ಒಂಟಿ ಕೋಣೆಗೆ ಹಾಕುವುದು ಎಂದು ಕಾಯ್ದೆಯಾಯಿತು. ಓಬಳೇಶನ ನಂತರ, ಓದಿನ ವರ್ಗ ನಡೆಸುತ್ತಿದ್ದವನೊಬ್ಬ ಹೋದ. ಅವನ ಹಿಂದೆ ಇನ್ನೊಬ್ಬ. ಹಳ್ಳಿಕೇರಿ ಮೀಸೆಯಡಿ ನಗುತ್ತ ಓಡಾಡಿದ. ಅಷ್ಟರಲ್ಲಿ ಒಂದು ಬೆಳಗ್ಗೆ ಪರದೆಯ ಮೇಲೆ ಎಳೆಗಳೇ ಮೂಡಲಿಲ್ಲ. ಮರುದಿನವೂ ಇಲ್ಲ, ಆ ವಾರವಿಡೀ ಇಲ್ಲ.

“ದಳ ಮುರದು ಬಿತ್ತು ಬಿಡ್ರಿ,” ಎಂದ ಹಳ್ಳಿಕೇರಿ.

ಇಂಚರಳಿಗೆ ಹಾಗನಿಸಲಿಲ್ಲ. ಎಳೆಗಳು ಹೋದರೂ ಬ್ಯಾರಕ್ಕಿನ ಶಿಸ್ತು ಹೋಗಿರಲಿಲ್ಲ, ಹೆಚ್ಚೇ ಆಗಿತ್ತು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಡುಗೆ ಚಾವಡಿಯ ದೃಶ್ಯಗಳನ್ನು ನೋಡಿದಳು. ಜೈಲಿಗೆ ಬರುತ್ತಿದ್ದ ಜೋಳ ಕಲ್ಲೇ ಅರ್ಧ. ಅದನ್ನು ಆರಿಸಲು ಎಲ್ಲರೂ ದುಂಡಗೆ ಕೂರುತ್ತಿದ್ದರು. ಕಣ್ಣು ತಾಟಿನಲ್ಲೇ ಇಟ್ಟು ಒಬ್ಬರಾದ ಮೇಲೆ ಒಬ್ಬರು ಸರದಿಯಲ್ಲಿ ಏನೋ ಹೇಳುತ್ತಿದ್ದರು. ಪ್ರತಿಯೊಬ್ಬನ ಮುಂದೆಯೂ ಆರಿಸಿದ ಕಲ್ಲಿನ ಸಣ್ಣ ಗುಪ್ಪೆ. ಊಟದ ಗಂಟೆ ಬಾರಿಸಿದ ಕೂಡಲೇ ಕೆಲವರು ತಮ್ಮ ಗುಪ್ಪೆಯನ್ನು ಮುಂದೆ ತಳ್ಳುತ್ತಿದ್ದರು, ಕೆಲವರು ತಳ್ಳುತ್ತಿರಲಿಲ್ಲ. ಅದು ಅವರ ಮತದಾನ, ಎಲ್ಲವೂ ಒಂದೇ ಕ್ಷಣದಲ್ಲಿ. ಯಾರೂ ಯಾರನ್ನೂ ನೋಡಿ ತಳ್ಳುವಂತಿರಲಿಲ್ಲ. ಒಬ್ಬ ಮುಂದಾಳು ಇದ್ದರೆ ತಾನೆ ಯಂತ್ರ ಅವನನ್ನು ಹಿಡಿಯುವುದು? ಅವರು ಮುಂದಾಳುತನವನ್ನೇ ಗಂಟೆಗೆ ಒಪ್ಪಿಸಿಬಿಟ್ಟಿದ್ದರು. ಇಂಚರ ಇದನ್ನು ಹಳ್ಳಿಕೇರಿಗೆ ಹೇಳಲಿಲ್ಲ. ಹೇಳಬಾರದೆಂದಲ್ಲ, ಯಾಕೋ ನಾಳೆ ಹೇಳೋಣ ಎನಿಸುತ್ತಿತ್ತು, ಆ ನಾಳೆ ಬರಲಿಲ್ಲ.

ಬಂದದ್ದು ಬೇರೆ ಸುದ್ದಿ. ಬೆಟ್ಟದ ಗಣಿ ಕಾರ್ಮಿಕರ ಶಿಬಿರದಲ್ಲಿ ಇದೇ ಯಂತ್ರ ಹಚ್ಚಲು ಹೋಗಿದ್ದ ಸುಮುಖನನ್ನು ಗುಡ್ಡದ ದಳದವರು ಹೊತ್ತೊಯ್ದಿದ್ದರು. ಅವನನ್ನು ಬಿಡಬೇಕೋ ಬೇಡವೋ ಎಂದು ಮರುದಿನ ಹೊತ್ತು ಮುಳುಗುವುದರೊಳಗೆ ಜೈಲಿನಲ್ಲಿರುವ ನಮ್ಮವರಿಂದ ಮಾತು ಬರಬೇಕು, ಇಲ್ಲವಾದರೆ ಹೆಣ ಕಳಿಸುತ್ತೇವೆ ಎಂದು ಫೋನು ಬಂತು.

ಸರಕಾರ ತಡಮಾಡದೆ ಓಬಳೇಶನನ್ನು ಒಂಟಿ ಕೋಣೆಯಿಂದ ಕರೆಸಿತು. ಎಂಟು ತಿಂಗಳಲ್ಲಿ ಅವನು ಅರ್ಧಕ್ಕೆ ಇಳಿದಿದ್ದ. ಬೆಳಕಿಗೆ ಕಣ್ಣು ಕಿರಿದುಮಾಡುತ್ತಿದ್ದ, ಸ್ವಂತ ದನಿ ಕೇಳಿ ತಾನೇ ಬೆಚ್ಚುತ್ತಿದ್ದ. ಅವನನ್ನು ನೋಡಿ ಇಂಚರಳಿಗೆ ನಾಚಿಕೆಯಾಯಿತು. ಆ ನಾಚಿಕೆಗೂ ಈಗ ಪುರುಸೊತ್ತಿರಲಿಲ್ಲ. ಹಳ್ಳಿಕೇರಿ ಸ್ಪೀಕರ್ ಹಾಕಿ ಫೋನು ಅವನ ಕೈಗೆ ಕೊಟ್ಟ.

“ನಾನು ಓಬಳೇಶ. ಏನೂ ಮಾಡಬ್ಯಾಡ್ರಿ, ತಡೀರಿ,” ಎಂದ ಅವನು.

ಆ ಕಡೆಯಿಂದ ಹೆಂಗಸೊಬ್ಬಳ ದನಿ ಬಂತು. “ಅಣ್ಣಾ, ಚಲೋ ಅದೀ ಏನು? ನಿನ್ನ ದನಿ ಕೇಳಿ ಜೀವ ಬಂತು. ಆದ್ರ ಈಗ ಒಬ್ಬರ ಮಾತು ನಡಿಯಂಗಿಲ್ಲ. ಬ್ಯಾರಕ್ಕಿನ ತೀರ್ಮಾನ ಬರ್ಲಿ. ಮೂರು ಮಂದಿ ಹೇಳ್ಲಿ.”

ಫೋನು ಕಟ್ಟಾಯಿತು. ಓಬಳೇಶ ಕೈಯಲ್ಲಿದ್ದ ಫೋನನ್ನು ಬಹಳ ಹೊತ್ತು ನೋಡುತ್ತ ಕೂತ. ಒಂದು ಕಾಲಕ್ಕೆ ಇವನ ಒಂದು ಮಾತಿಗೆ ಬಂದೂಕು ಕೆಳಗಿಳಿಯುತ್ತಿತ್ತು. ಆ ಒಂದು ಮಾತನ್ನು ಕಿತ್ತುಹಾಕಿದವಳು ತಾನೇ ಎಂದು ಇಂಚರಳಿಗೆ ಹೊಳೆಯಿತು.

“ಮೇಡಂ, ಯಂತ್ರ ಹಚ್ರಿ. ಯಾವನರ ಒಬ್ಬನ್ನ ತೋರಸ್ರಿ,” ಎಂದ ಹಳ್ಳಿಕೇರಿ. ಅವನ ಹಣೆಯಲ್ಲಿ ಬೆವರಿತ್ತು.

“ತೋರಿಸೋಕೆ ಯಾರೂ ಇಲ್ಲ ಸರ್. ನಾನೇ ಒಳಗೆ ಹೋಗ್ತೀನಿ. ಅವರನ್ನೂ ಕಳಿಸಿ,” ಎಂದು ಅವಳು ಓಬಳೇಶನ ಕಡೆ ಕೈ ತೋರಿಸಿದಳು.

ಚಾವಡಿಯಲ್ಲಿ ಎಲ್ಲರೂ ದುಂಡಗೆ ಕೂತಿದ್ದರು. ಎರ್ರಿಸ್ವಾಮಿ ಎಂಬ ನಲವತ್ತರ ಆಸುಪಾಸಿನವನು, ಮೊದಲು ಅದಿರಿನ ಲಾರಿ ಓಡಿಸುತ್ತಿದ್ದವನು, ಅವಳ ಮುಂದೆ ಜೋಳದ ತಾಟು ಸರಿಸಿದ. “ಕೂಡ್ರಿ ಮೇಡಂ. ಕೈ ಸುಮ್ನ ಇಡಬ್ಯಾಡ್ರಿ, ಆರಿಸ್ರಿ. ನಿಮ್ಮ ಪಾಳಿ ಬಂದಾಗ ಮಾತಾಡ್ರಿ. ನಿಮ್ಮ ಕಲ್ಲು ಎಣಿಕಿಗಿಲ್ಲ, ಮಾತಿಗೆ ಅಡ್ಡಿಯಿಲ್ಲ.”

“ಯಂತ್ರ ಆಫ್ ಮಾಡಿಸ್ಲಾ?” ಎಂದು ಅವಳು ಮೆಲ್ಲಗೆ ಕೇಳಿದಳು.

“ಇರ್ಲಿ ಬಿಡ್ರಿ. ನಮಗ ರೂಢಿ ಆಗೈತಿ.”

ಸರದಿ ಶುರುವಾಯಿತು. ಯಾರಿಗೂ ಅವಸರವಿರಲಿಲ್ಲ. ಒಬ್ಬ ಬಿಡಬೇಕೆಂದ, ಒಬ್ಬ ಬಿಡಬಾರದೆಂದ, ಇನ್ನೊಬ್ಬ ತನಗಿನ್ನೂ ತಿಳಿಯುತ್ತಿಲ್ಲ ಎಂದ. ಜಾಲಂಧ್ರದ ಬಿಸಿಲು ನೆಲದಿಂದ ಗೋಡೆ ಹತ್ತುತ್ತಿತ್ತು. ಇಂಚರಳ ಬೆರಳುಗಳು ಕಲ್ಲಿನ ಬದಲು ಕಾಳನ್ನೇ ಹೆಕ್ಕುತ್ತಿದ್ದವು.

ಓಬಳೇಶನ ಪಾಳಿ ಬಂತು. “ನಮ್ಮ ಕೈಯಾಗ ಒಬ್ಬ ಸಿಕ್ಕಾನ. ಇಂಥಾ ಹೊತ್ತು ಮತ್ತ ಬರಂಗಿಲ್ಲ. ಎಲ್ಲಾ ಜೈಲಿನಾಗಿನ ಈ ಕಣ್ಣು ಮೊದ್ಲ ಕಿತ್ತು ಹೋಗ್ಲಿ, ಆಮ್ಯಾಲ ಅವನ್ನ ಬಿಡೂನು. ಕೀಳಲಿಲ್ಲ ಅಂದ್ರ ಬಿಡೂದು ಬ್ಯಾಡ.” ಆಮೇಲೆ ಇಂಚರಳಿಗೆ ಕೇಳುವಂತೆ ಹೇಳಿದ: “ಗ್ವಾಡಿ ಜೋಡಿ ಮಾತಾಡಿ ಮಾತಾಡಿ ನನ್ನ ಮಕ್ಕಳ ಹೆಸರು ಒಂದಿನ ಮರತುಹೋಗಿತ್ತು. ಅದಕ್ಕೂ ಯಾರರ ಲೆಕ್ಕ ಕೊಡಬೇಕಲ್ಲ.”

ಕೆಲವರ ತಲೆ ಅವನ ಕಡೆ ತಿರುಗಿಯೇ ಬಿಟ್ಟಿತು. ಇಂಚರಳಿಗೆ ಪರದೆ ಬೇಕಾಗಲಿಲ್ಲ. ಎಳೆಗಳು ಮತ್ತೆ ಮೂಡುತ್ತಿರುವುದು ಬರಿಗಣ್ಣಿಗೇ ಕಾಣುತ್ತಿತ್ತು.

ಮುಂದಿನ ಪಾಳಿ ಎರ್ರಿಸ್ವಾಮಿಯದು. ಅವನು ತಾಟಿನಿಂದ ಕಣ್ಣೆತ್ತಲಿಲ್ಲ. “ಅಣ್ಣಾ, ನೀ ಹೇಳೂದು ಖರೆ ಐತಿ. ಈ ಕಣ್ಣು ನಮಗ ಭಾಳ ಕಾಟ ಕೊಟ್ಟೈತಿ. ಆದ್ರ ಇದು ಬರೂಕ್ಕಿಂತ ಮೊದ್ಲ, ನೀ ಸುಡು ಅಂದಿ, ನಾವು ಸುಟ್ವಿ. ಅದಿರು ಸಾಗಸೂ ರೋಪ್‌ವೇ ಮನ್ಯಾಗ ಕಾವಲುಗಾರ ಮಲಗಿದ್ದ, ಅಲ್ಲೇ ಸುಟ್ಟುಹೋದ. ಒಳಗ ಯಾರರ ಅದಾರೇನು ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಈಗ ಕೇಳ್ತೀವಿ. ನಾಳೆ ಈ ಕಣ್ಣು ಹೋದ್ರ ನೀ ಮತ್ತ ನಮ್ಮ ಮುಂದಾಳು ಆಗ್ತಿ, ನಾವು ಮತ್ತ ಕೇಳೂದು ಬಿಡ್ತೀವಿ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ನನ್ನ ಮ್ಯಾಲ ನನಗ ಅಂಜಿಕಿ ಐತಿ. ಅದಕ್ಕ, ಅವನ್ನ ಸುಮ್ನ ಬಿಡೂನು. ಏನೂ ಕೇಳೂದು ಬ್ಯಾಡ. ಕಣ್ಣೂ ಇರ್ಲಿ.”

ಕಾಳು ಆರಿಸುತ್ತಿದ್ದ ಕೈಗಳು ನಿಂತವು. ಓಬಳೇಶನ ಮುಖ ಕಪ್ಪಿಟ್ಟಿತು. ಅವನೆದುರಿಗೆ ಈವರೆಗೆ ಹೀಗೆ ಯಾರೂ ಮಾತಾಡಿದ್ದಿಲ್ಲ.

ಇಂಚರ ಏನೇನೋ ವಾದ ಕಟ್ಟಿಕೊಂಡು ಬಂದಿದ್ದಳು. ತನ್ನ ಪಾಳಿ ಬಂದಾಗ ಒಂದೂ ನೆನಪಾಗಲಿಲ್ಲ. “ಯಂತ್ರ ನನ್ನದು. ಸುಮುಖ ಜೋಡಿಸಿದ ಅಷ್ಟೆ. ಲೆಕ್ಕ ತೀರಿಸೋದಾದ್ರೆ ನನ್ನ ಹತ್ರ ತೀರಿಸಿ,” ಎಂದಳು. ದನಿ ಒಡೆಯಿತು. ಯಾರೂ ತಲೆ ಎತ್ತಲಿಲ್ಲ. ಪಕ್ಕದವನು ತನ್ನ ಪಾಳಿಯ ಮಾತು ಶುರುಮಾಡಿದ. ಅವಳ ಅಳುವಿಗೂ ಅಲ್ಲಿ ಒಬ್ಬರ ಮಾತಿನಷ್ಟೇ ಬೆಲೆ.

ಕೊನೆಯವನು ಮುಗಿಸುವ ಹೊತ್ತಿಗೆ ಬಿಸಿಲು ಮಾಡು ಮುಟ್ಟಿತ್ತು. ರಾತ್ರಿ ಊಟದ ಗಂಟೆಗೆ ಇನ್ನೂ ಹೊತ್ತಿತ್ತು.

“ಗಂಟಿ ಈಗ ಹೊಡಸ್ತೀರೇನ್ರಿ?” ಎಂದ ಎರ್ರಿಸ್ವಾಮಿ.

ಇಂಚರ ಬಾಗಿಲಿಗೆ ಓಡಿ ಕೂಗಿ ಹೇಳಿದಳು. ಹಳ್ಳಿಕೇರಿ ಸ್ವತಃ ಹೋಗಿ ಗಂಟೆ ಬಾರಿಸಿದ. ಆ ಸದ್ದಿನೊಂದಿಗೆ ಕಲ್ಲಿನ ಗುಪ್ಪೆಗಳು ಒಟ್ಟಿಗೇ ಸರಿದವು. ಬಿಡಬೇಕೆನ್ನುವವರ ಗುಪ್ಪೆಗಳು ನಡುವೆ, ಉಳಿದವರದು ಇದ್ದಲ್ಲೇ. ಇಬ್ಬರು ಎಣಿಸಿದರು. ನಾಲ್ಕು ಗುಪ್ಪೆಗಳ ಹೆಚ್ಚಳದಲ್ಲಿ ಸುಮುಖನ ಜೀವ ಉಳಿಯಿತು.

ಫೋನಿನಲ್ಲಿ ಮಾತಾಡುವ ಮೂವರನ್ನು ಸರದಿ ಆರಿಸಿತು. ಮೂರನೆಯ ಪಾಳಿ ಓಬಳೇಶನದಾಗಿತ್ತು. ಅವನು ಮಾತಾಡಲಾರೆ ಎಂದಿದ್ದರೆ ಏನಾಗುತ್ತಿತ್ತೋ. ಅವನು ಫೋನು ತೆಗೆದುಕೊಂಡ. “ಬಿಟ್ಟು ಬಿಡ್ರಿ. ಇದು ಬ್ಯಾರಕ್ಕಿನ ತೀರ್ಮಾನ. ನಂದಲ್ಲ,” ಎಂದು ಹೇಳಿ ವಾಪಸು ಕೊಟ್ಟ.

ಮರುದಿನ ಸುಮುಖ ಬಾತ ಕಾಲೆಳೆಯುತ್ತ ಬಂದ. ಇಂಚರ ಅವನನ್ನು ತಬ್ಬಿಕೊಂಡು ಅತ್ತಳು. ಆ ಸಂತೋಷದಲ್ಲೇ ಅವಳು ತನ್ನ ಜೀವನದ ಅತ್ಯುತ್ತಮ ವರದಿ ಬರೆದಳು. ಒಬ್ಬನ ಮಾತಿಗೆ ಸುಡುತ್ತಿದ್ದ ಪಡೆ, ಪ್ರಶ್ನೆ ಕೇಳಿ ಎಣಿಸಿ ತೀರ್ಮಾನಿಸುವ ಸಭೆಯಾಗಿದೆ. ಈ ಸಭೆಯೊಡನೆ ಮಾತಿಗೆ ಕೂತರೆ ಬಂದೂಕುಗಳು ತಾವಾಗಿ ಕೆಳಗಿಳಿಯುತ್ತವೆ ಎಂದು ವಿವರಿಸಿದಳು. ಸರಕಾರ ಬೆನ್ನು ತಟ್ಟುತ್ತದೆಂದು ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಕಾರ್ಯದರ್ಶಿಗಳು ಅವಳನ್ನು ಕರೆಸಿ ಕಾಫಿ ಕೊಟ್ಟರು. “ಚೆನ್ನಾಗಿ ಬರೆದಿದ್ದೀರಿ ಡಾಕ್ಟರೇ. ಆದರೆ ಅರವತ್ತು ಜನರ ಜೊತೆ ಒಪ್ಪಂದ ಮಾಡ್ಕೊಳ್ಳೋದು ಹೇಗೆ? ಯಾರನ್ನ ಊಟಕ್ಕೆ ಕರೀಬೇಕು? ಯಾರನ್ನ ಹೆದರಿಸಬೇಕು? ಒಬ್ಬ ಇದ್ದಾಗ ನಮಗೆ ಅನುಕೂಲವಾಗಿತ್ತು.” ಮಾತು ಅಲ್ಲಿಗೆ ಮುಗಿಯಿತು.

ಯಂತ್ರ ತೆಗೆಯಬೇಕೆಂದು ಆದೇಶ ಬಂತು. ಓಬಳೇಶನಿಗೆ ಬ್ಯಾರಕ್ಕಿನಲ್ಲೇ ಬೇರೆ ಮಂಚ, ಫೋನು, ವಾರಕ್ಕೊಮ್ಮೆ ಮಕ್ಕಳ ಭೇಟಿ. ‘ಕೈದಿಗಳ ಮುಖಂಡ’ ಎಂದು ಅಧಿಕೃತವಾಗಿ ಹೆಸರಿಸಲಾಯಿತು. ಗೋಡೆಯೊಡನೆ ಮಾತಾಡಿ ಬಂದ ಮನುಷ್ಯ ಬೇಡ ಎನ್ನಲಿಲ್ಲ. ಕಲ್ಲು ಆರಿಸಿದ ಜೋಳದ ಚೀಲಗಳೇ ಬರತೊಡಗಿ, ದುಂಡಗೆ ಕೂರುವ ಕೆಲಸವೂ ಇಲ್ಲವಾಯಿತು.

ಇದೆಲ್ಲ ಮುಂದೆಂದೋ ನಡೆಯುವ ಸಂಗತಿ ಎಂದು ನಾವು ನಿಶ್ಚಿಂತರಾಗಿರಬಹುದು. ಆದರೆ ನಾಲ್ಕು ಜನ ಒಟ್ಟಾಗಿ ಏನಾದರೂ ಕೇಳಲು ಹೋದಾಗ, ಕಚೇರಿಯ ಮೇಜಿನಾಚೆಯಿಂದ ಇವತ್ತಿಗೂ ಬರುವ ಮೊದಲ ಪ್ರಶ್ನೆ, ನಿಮ್ಮಲ್ಲಿ ಮುಖಂಡರು ಯಾರು ಎನ್ನುವುದೇ. ಅದು ಎಷ್ಟು ಸಹಜವಾಗಿ ಕೇಳಿಸುತ್ತದೆಂದರೆ, ನಾವೂ ಅಕ್ಕಪಕ್ಕ ನೋಡಿ ಯಾರನ್ನೋ ಮುಂದಕ್ಕೆ ತಳ್ಳಿ ಹಗುರಾಗುತ್ತೇವೆ.

ಇಂಚರ ಸಂವೇದಕಗಳನ್ನು ಬಿಚ್ಚಿಸಲು ಬಂದ ದಿನ ಮಧ್ಯಾಹ್ನದ ಊಟ ನಡೆಯುವುದರಲ್ಲಿತ್ತು. ಸಾಲಾಗಿ ಕೂತವರ ಮುಂದೆ ರೊಟ್ಟಿ ಬಡಿಸಿತ್ತು. ಯಾರೂ ಕೈ ಹಾಕಿರಲಿಲ್ಲ. ಓಬಳೇಶ ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದ, ಎಲ್ಲರೂ ಕಾಯುತ್ತಿದ್ದರು. ಸಾಲಿನ ನಡುವೆ ಒಬ್ಬ ಮಾತ್ರ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಅಕ್ಕಪಕ್ಕದವರು ಹೌಹಾರಿದರು. ಅವನು ಅಗಿಯುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಪಕ್ಕದವನ ಕೈ ತನ್ನ ತಾಟಿನ ಅಂಚಿಗೆ ಬಂತು.

ಹಳ್ಳಿಕೇರಿ ಇಂಚರಳ ಪಕ್ಕ ಬಂದು ನಿಂತಿದ್ದ. ಈಗ ಅವನ ಬಳಿ ಪರದೆಯಿರಲಿಲ್ಲ. ಕಣ್ಣು ಕಿರಿದುಮಾಡಿ ಸಾಲಿನ ಕಡೆ ನೋಡಿದ.

“ಮೊದ್ಲ ಕೈ ಹಾಕಿದಂವ ಯಾರ್ರಿ ಮೇಡಂ? ನೀವು ಅವರ ಜೋಡಿ ಕೂತಿದ್ರಿ, ನಿಮಗ ಗೊತ್ತಿರಬೇಕು.”

ಇಂಚರಳಿಗೆ ಗೊತ್ತಿತ್ತು. ಅವಳು ಸ್ಕ್ರೂಡ್ರೈವರನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

“ಇಲ್ಲ ಸರ್, ನಾನು ನೋಡ್ಲಿಲ್ಲ,” ಎಂದಳು.