ಮಾರ್ಚ್ ತಿಂಗಳ ಕಟ್ಟು

"ಬೆಹನ್‌ಜೀ, ಈ ಕುರ್ಚಿ ಖಾಲಿ ಇದೆಯಾ?"

ಕೇಳಿದ್ದು ಹಿಂದಿಯಲ್ಲೇ. ಆದರೆ ಆ ಹಿಂದಿಯೊಳಗೆ ದಾವಣಗೆರೆಯ ಎಳೆತ ಹಾಗೇ ಉಳಿದಿತ್ತು. ಲೋಲಾಕ್ಷಿಯ ಎದೆ ಧಸಕ್ಕೆಂದಿತು.

ತಲೆಯೆತ್ತಿದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಆದರೆ ಕಣ್ಣು ಅದೇ...

ದೇವೇಂದ್ರಪ್ಪ!

"ಖಾಲಿ ಇದೆ. ಕೂತ್ಕೊಳ್ಳಿ," ಎಂದಳು ಕನ್ನಡದಲ್ಲಿ.

ಅವನ ಕೈಯಲ್ಲಿದ್ದ ಕಾಗದಗಳು ಜಾರಿದವು. "ಲೋಲಾಕ್ಷಿ... ಅವರು?"

ಅವಳು ಮುಖ ತಿರುಗಿಸಿದಳು. ಮೂವತ್ತಮೂರು ವರ್ಷದ ಹಿಂದೆ ತಿರುಗಿಸಿದ ಹಾಗೆಯೇ.

ನಿವೃತ್ತ ನೌಕರರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳಲು ದೆಹಲಿಯ ಕೋರ್ಟಿನವರು ಕರೆದಿದ್ದ ಸಂದರ್ಶನ ಅದು. ಗುಮಾಸ್ತರ ಹುದ್ದೆ ಒಂದೇ ಒಂದು. ಅರ್ಜಿ ತುಂಬಿಸಿದ್ದು ತಮ್ಮನ ಮಗಳು ಅನನ್ಯಾ. "ಅತ್ತೆ, ದ್ವಾರಕಾದ ಈ ಫ್ಲ್ಯಾಟಲ್ಲಿ ಇಡೀ ದಿನ ಗೋಡೆ ನೋಡ್ತಾ ಕೂರ್ತೀರಿ. ಅಪ್ಲೈ ಕರ್ ದೋ ನಾ!" ಅಂದಿದ್ದಳು. ಮದುವೆಯಾಗದ, ಅರವತ್ತೊಂದರ ಲೋಲಾಕ್ಷಿಗೂ ಫೈಲುಗಳ ನಡುವೆ ಮತ್ತೆ ಕೂರುವ ಆಸೆಯಾಗಿತ್ತು.

ಇವನೂ ಬರುತ್ತಾನೆಂದು ಯಾರಿಗೆ ಗೊತ್ತಿತ್ತು?

ಆಗ ಇಬ್ಬರೂ ಒಂದೇ ಕೋರ್ಟಿನಲ್ಲಿದ್ದರು. ಬಾಕಿ ಕೇಸುಗಳ ಫೈಲು ನೋಡಿಕೊಳ್ಳುವವನು ಅವನು. ಮುಗಿದ ಕೇಸುಗಳನ್ನು ತಿಂಗಳ ಲೆಕ್ಕದಲ್ಲಿ ಕಟ್ಟು ಕಟ್ಟಿ ದಾಖಲೆ ಕೋಣೆಗೆ ಕಳಿಸುವವಳು ಅವಳು. ಮದುವೆಯ ಮಾತೂ ಆಗಿತ್ತು. ಅಷ್ಟರಲ್ಲಿ, ಹಳೆಯ ಕೇಸೊಂದರ ಜೊತೆ ತಾಳೆ ನೋಡಲು ಅವಳ ಮೇಜಿಗೆ ಬಂದಿದ್ದ, ಮನೆ ಮಾಲೀಕ-ಬಾಡಿಗೆದಾರರ ಬಾಕಿ ಕೇಸಿನ ಫೈಲು ಕಾಣೆಯಾಯಿತು.

"ನಾನೇ ಅದನ್ನು ಅವರ ಕೈಗೆ ವಾಪಸು ಕೊಟ್ಟೆ," ಎಂದು ವಿಚಾರಣೆಯಲ್ಲಿ ಲೋಲಾಕ್ಷಿ ಹೇಳಿದ್ದಳು. ಹಾಗೇ ನಂಬಿದ್ದಳು. ಅವನು ಎದುರು ಮಾತಾಡಲಿಲ್ಲ. ಮನೆ ಮಾಲೀಕ ಅವನನ್ನು ಕೊಂಡುಕೊಂಡಿದ್ದಾನೆ ಎಂದು ಜನ ಗುಸುಗುಸು ಮಾಡಿದರು. ಅವಳು ಗೆಳತಿ ರತ್ನಾಳ ಬಾಯಲ್ಲಿ ಹೇಳಿ ಕಳಿಸಿದಳು: ಫೈಲು ಮಾರಿಕೊಂಡವನನ್ನು ನಾನು ಮದುವೆಯಾಗಲ್ಲ.

ಆಮೇಲೆ ಬೇರೆ ಕೋರ್ಟಿಗೆ ವರ್ಗ ಮಾಡಿಸಿಕೊಂಡಳು. ಹಳೆಯ ಕೋರ್ಟಿನ ಸುದ್ದಿಯನ್ನು ಮತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರೆ ಯಾರನ್ನೂ ನಂಬಲು ಅವಳಿಂದ ಆಗಲಿಲ್ಲ.

"ದೇವೇಂದ್ರಪ್ಪ!"

ಸಂದರ್ಶನಕ್ಕೆ ಹೆಸರು ಕೂಗಿದ್ದರು. ಅವನು ಎದ್ದು ಎದುರಿನ ಮೇಜಿಗೆ ಹೋದ. ಕಾಗದ ಪರಿಶೀಲಿಸುತ್ತಿದ್ದ ಅಧಿಕಾರಿ ಹಿಂದಿ ಮಾತಾಡುವ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಶಿಕ್ಷೆ ಆಗಿದೆಯೇ ಅನ್ನೋ ಕಡೆ 'ಹೌದು' ಅಂತ ಬರೆದಿದ್ದೀರಲ್ಲ, ಸರ್?"

"ಆಗಿದೆ, ಮೇಡಂ."

ಆಕೆ ಹಳೆಯ ಹಾಳೆಯೊಂದನ್ನು ಓದಿದಳು. "ಫೈಲು ಕಳೆದ ತಪ್ಪಿಗೆ ಬಡ್ತಿ ತಡೆ... ಆರು ತಿಂಗಳ ಮೇಲೆ ಫೈಲು ಸಿಕ್ಕಿದೆ. ಮಾರ್ಚ್ ತಿಂಗಳ ಮುಗಿದ ಕೇಸುಗಳ ಕಟ್ಟಿನೊಳಗೆ. 'ಮರೆತು ನಾನೇ ಅಲ್ಲಿಟ್ಟೆ' ಅಂತ ನಿಮ್ಮ ಹೇಳಿಕೆ ಇದೆ. ಸಾರಿ ಸರ್, ಶಿಕ್ಷೆ ಆದವರಿಗೆ ಅವಕಾಶ ಇಲ್ಲ."

ಆ ಮಾತು ಲೋಲಾಕ್ಷಿ ಕೂತಲ್ಲಿಗೂ ಕೇಳಿಸಿತು.

ಮಾರ್ಚ್ ತಿಂಗಳ ಕಟ್ಟು! ಅದನ್ನು ಕಟ್ಟಿದ್ದು ಅವಳು. ಅವಳೊಬ್ಬಳೇ. ಅಪ್ಪ ಐತಪ್ಪ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದ ವಾರ ಅದು. ನಿದ್ದೆಯಿಲ್ಲದ ಕಣ್ಣಲ್ಲಿ ಏನು ಕಟ್ಟಿದೆನೋ, ಏನು ಬಿಟ್ಟೆನೋ... ದೇವೇಂದ್ರಪ್ಪ ಆ ಕಟ್ಟುಗಳನ್ನು ಮುಟ್ಟುತ್ತಲೇ ಇರಲಿಲ್ಲ.

'ಅಯ್ಯೋ ದೇವರೇ! ಕಳೆದದ್ದು ನಾನು... ಕಳ್ಳ ಅಂದದ್ದೂ ನಾನೇ!'

ಎದ್ದು ನಡೆದಳು. ನೇರ ಆ ಮೇಜಿನ ಮುಂದೆ ನಿಂತಳು.

"ಮೇಡಂ, ಆ ತಪ್ಪು ಇವರದ್ದಲ್ಲ. ನನ್ನದು."

"ಲೋಲಾಕ್ಷಿ, ಸುಮ್ನಿರಿ!" ಅವನು ಗಾಬರಿಯಾದ.

"ಸುಮ್ನಿದ್ದಿದ್ದು ಸಾಕು! ಆ ಕಟ್ಟು ಕಟ್ಟಿದ್ದು ನಾನು, ಮೇಡಂ. ಬರೆದು ಕೊಡ್ತೀನಿ."

ಅಧಿಕಾರಿ ಮೆಲ್ಲಗೆ ಹೇಳಿದಳು, "ಆಂಟೀ, ಹಳೇ ಆದೇಶ ನಾನು ಬದಲಾಯಿಸೋಕಾಗಲ್ಲ. ಇದನ್ನ ಬರೆದುಕೊಟ್ಟರೆ ನಿಮ್ಮ ಅರ್ಜಿಯೂ ನಿಲ್ಲಲ್ಲ."

"ನಿಲ್ಲೋದು ಬೇಡ. ಇವರ ಫೈಲಿನಲ್ಲಿ ನಿಜ ಒಂದು ಹಾಳೆಯಾದ್ರೂ ಇರಲಿ."

ಬರೆದಳು. ಸಹಿ ಹಾಕಿದಳು. ತಿರುಗಿ ನೋಡಿದರೆ ಅವನಿರಲಿಲ್ಲ.

ಹೊರಗೆ ಟೈಪಿಸ್ಟರು ಸಾಲಾಗಿ ಕೂರುವ ಬೇವಿನ ಮರದ ಕೆಳಗೆ, ಕಲ್ಲುಬೆಂಚಿನ ಮೇಲೆ ಸಿಕ್ಕಿದ. ಅವಳು ಪಕ್ಕದಲ್ಲಿ ಕುಸಿದು ಕೂತಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಫೈಲು ಸಿಕ್ಕಿದ ದಿನ. ಅಲ್ಲೀವರೆಗೆ ನಾನೇ ಎಲ್ಲೋ ಮರೆತಿಟ್ಟೆ ಅಂದ್ಕೊಂಡಿದ್ದೆ. ಕಟ್ಟಿನ ಚೀಟಿ ಮೇಲೆ ನಿಮ್ಮ ಅಕ್ಷರ ಇತ್ತಲ್ಲ."

"ಹೇಳಬಹುದಿತ್ತಲ್ಲ!"

"ನಿಮ್ಮ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ರು. ಹೇಳಿದ್ದರೆ ನಿಮ್ಮನ್ನ ಮನೆಗೆ ಕಳಿಸ್ತಿದ್ರು. ನನಗೆ ಶಿಕ್ಷೆ ಆಗಿಹೋಗಿತ್ತು..."

"ನನಗಾದ್ರೂ ಹೇಳಬಹುದಿತ್ತು!"

ಅವನು ಕೈಯಲ್ಲಿದ್ದ ಕಾಗದಗಳನ್ನು ಮಡಚಿ ಪಕ್ಕಕ್ಕಿಟ್ಟ.

"ರತ್ನಾ ಬಂದು ಹೇಳಿ ಹೋದ ಮೇಲೆ ಕೋಪ ಬಂತು, ಲೋಲಾಕ್ಷಿ. ಜಗತ್ತೇ ಅನ್ನಲಿ, ನೀವು ಹೇಗೆ ನಂಬಿದ್ರಿ ಅಂತ. ಆ ಕೋಪ ಇಳಿಯೋ ಹೊತ್ತಿಗೆ ಮನೆಯವರು ವಿಜಯಮ್ಮನ ಜೊತೆ ಮದುವೆ ಮಾಡಿದ್ರು. ಒಳ್ಳೆಯವಳು. ತೀರಿಕೊಂಡು ಎರಡು ವರ್ಷ ಆಯ್ತು."

ಲೋಲಾಕ್ಷಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು!

"ಇವತ್ತು ಯಾಕೆ ಬಂದ್ರಿ? 'ಹೌದು' ಅಂತ ಬರೆದ ಮೇಲೆ ಸಿಗಲ್ಲ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಕೈ ನಡುಕ ಶುರುವಾಗಿದೆ. ಹೆಚ್ಚಾಗುತ್ತೆ ಅಂದಿದ್ದಾರೆ ಡಾಕ್ಟರು. ಬರೆಯೋಕಾಗೋವಷ್ಟು ದಿನ ಬರೆಯೋಣ ಅಂತ... ಸುಮ್ಮನೆ ಒಂದು ಆಸೆ."

ಅವಳು ಆ ಕೈಯನ್ನು ನೋಡಿದಳು. ತೊಡೆಯ ಮೇಲೆ ಸಣ್ಣಗೆ ಅದುರುತ್ತಿತ್ತು. ತನ್ನ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು. ಮೂವತ್ತಮೂರು ವರ್ಷ... ಇಷ್ಟು ಹತ್ತಿರದಲ್ಲಿ, ಇದೇ ದೆಹಲಿಯಲ್ಲಿ!

"ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ."

"ಕೇಳಬೇಡಿ. ನಾನೂ ಹಟ ಹಿಡಿದೆ. ಒಂದು ಮಾತು ಹೇಳಿಬಿಟ್ಟಿದ್ದರೆ..." ಅವನು ಕಣ್ಣೊರೆಸಿಕೊಂಡ.

ಮರದ ಕೆಳಗೆ ಟೈಪ್ ಮಾಡುವ ಸದ್ದು ನಡೆದೇ ಇತ್ತು. ಕಳೆದದ್ದನ್ನು ಯಾರೂ ಹುಡುಕಿಕೊಡಲಾರರು ಎಂದು ಇಬ್ಬರಿಗೂ ಗೊತ್ತಿತ್ತು.

"ದೇವೇಂದ್ರ..." ಹಳೆಯ ಸಲಿಗೆಯಲ್ಲಿ ಕರೆದಳು. "ನಾನು ನಿನ್ನನ್ನ ಮರೆತೇ ಇರಲಿಲ್ಲ. ಬೈಕೊಳ್ಳೋಕಾದ್ರೂ ದಿನಾ ನೆನೀತಿದ್ದೆ."

ಅವನು ಅಳುತ್ತಲೇ ನಕ್ಕ. "ಇನ್ನು ಮೇಲೆ ಎದುರಿಗೇ ಬೈ."

"ಚಲೋ, ಮನೆಗೆ ಹೋಗೋಣ. ಊಟ ಮಾಡು."

"ಇವತ್ತೇನಾ?"

"ಮತ್ತೆ ಯಾವತ್ತು? ನಮಗೆ ಇನ್ನೆಷ್ಟು ನಾಳೆ ಉಳಿದಿದೆ ಅಂದ್ಕೊಂಡಿದ್ದೀ?"

ಅವನು ಅವಳ ಕೈ ಬಿಡದೆಯೇ ಎದ್ದು ನಿಂತ. "ಮೆಲ್ಲಗೆ ನಡಿ, ಲೋಲಾ. ಜೊತೆಗೇ ಬರ್ತೀನಿ."