ನಕಾಶೆಯ ಕೆಳಗಿನ ಪಟ್ಟಿ

ಫೆಬ್ರುವರಿ 27, 2025, ಗುರುವಾರ, ಬೆಳಿಗ್ಗೆ 10.40. ಗೋಕಾಕ ಠಾಣೆಯ ಇನ್‌ಸ್ಪೆಕ್ಟರ್ ಬಾಳೇಶ ಮುಗಳಿ ಆರಿಹೋದ ಚಹಾವನ್ನೇ ಗುಟುಕರಿಸುತ್ತ ಕುಳಿತಿದ್ದರು. ಮೂರು ದಿನದ ಬಂದೋಬಸ್ತ್ ಮುಗಿಸಿ ಬಂದ ಮೈ ಕುರ್ಚಿಯಲ್ಲಿತ್ತು, ಮನಸ್ಸು ಹಾಸಿಗೆಯಲ್ಲಿತ್ತು. ಎದುರಿಗೆ ಚೀಲ ಅವಚಿಕೊಂಡು ನಿಂತವರು ಪರಶುರಾಮ ಹಂಜಿ, ಊರಿನ ಪ್ರೌಢಶಾಲೆಯೊಂದರ ಇತಿಹಾಸದ ಮಾಸ್ತರರು.

"ಏನ್ ಕಳುವಾಗೇತ್ರಿ?"

"ಇತಿಹಾಸ ರೀ ಸಾಹೇಬ್ರ. ಎಂಟು ವರ್ಷದ್ದು."

ಬೇರೆ ದಿನವಾಗಿದ್ದರೆ ಬಾಳೇಶರಿಗೆ ನಗು ಬರುತ್ತಿತ್ತು. ಇಂದು ಅದಕ್ಕೂ ತ್ರಾಣವಿರಲಿಲ್ಲ. "ಕೂತು ಹೇಳ್ರಿ" ಎಂದರು.

ಹಂಜಿ ಮಾಸ್ತರರು ಎಂಟು ವರ್ಷಗಳಿಂದ ಅಂತರಜಾಲದಲ್ಲಿ ಒಂದು ಪುಟ ನಡೆಸುತ್ತಿದ್ದರು. ಹಳೆಯ ಗೆಝೆಟಿಯರ್ ಎಲ್ಲಿ ಪುಕ್ಕಟೆ ಸಿಗುತ್ತದೆ, ಶಾಸನದ ಯಾವ ಓದನ್ನು ನಂಬಬಹುದು, ಯಾವ ವಿಡಿಯೋ ಬರೀ ಬುರುಡೆ ಎಂದು ಒಂದೊಂದನ್ನೂ ತಾವೇ ನೋಡಿ, ತೂಗಿ, ಪಕ್ಕದಲ್ಲಿ ಎರಡು ಸಾಲು ಬರೆದು ಹಾಕಿದ್ದರು. ರಸ್ತೆ ಅಗಲ ಮಾಡುವಾಗ ಒಡೆದುಹೋದ ವೀರಗಲ್ಲೊಂದರ ಫೋಟೋ ಇದ್ದದ್ದು ಅಲ್ಲಿ ಮಾತ್ರ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಷ್ಟೋ ಶಾಲೆಗಳ ಮಕ್ಕಳು ಅದನ್ನೇ ನೆಚ್ಚಿ ಓದುತ್ತಿದ್ದರು. ಮೊನ್ನೆ ಮಂಗಳವಾರ ಸಂಜೆ ಯಾರೋ ಅವರ ಇ-ಮೇಲ್ ಖಾತೆ ಹೊಕ್ಕು, ಪಾಸ್‌ವರ್ಡ್ ಬದಲಿಸಿ, ಡ್ರೈವಿನಲ್ಲಿದ್ದ ಆ ಪುಟದ ಸಾಮಗ್ರಿಯನ್ನೆಲ್ಲ ಅಳಿಸಿಬಿಟ್ಟಿದ್ದರು. ಹತ್ತನೆಯ ತರಗತಿಯ ಪರೀಕ್ಷೆ ಮಾರ್ಚ್ 21ಕ್ಕೆ.

"ಇಪ್ಪತ್ತೆರಡು ದಿನ ಐತ್ರಿ. ಮಕ್ಕಳಿಗೆ ಏನ್ ಹೇಳ್ಲಿ?"

ಬಾಳೇಶರ ಮಗಳು ಪೂನಮ್ ಕೂಡ ಹತ್ತನೆಯ ತರಗತಿ. ಎರಡು ದಿನದಿಂದ ಅವಳು ಮನೆಯಲ್ಲಿ ಮುಖ ಊದಿಸಿಕೊಂಡಿದ್ದೇಕೆ ಎಂದು ಅವರಿಗೆ ಈಗ ತಿಳಿಯಿತು. ಅವಳ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಆ ಪುಟದ ತಲೆಬರಹವಿತ್ತು: "ಎಲ್ಲಿಂದ ಬಂತು ಎಂದು ಹೇಳದ ಸಂಗತಿಯನ್ನು ನಂಬಬೇಡಿ."

11.30ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರ ಅಡಿ ಎಫ್‌ಐಆರ್ ದಾಖಲಾಯಿತು. ಈ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರೇ ತನಿಖೆ ಮಾಡಬೇಕು. ಕೆಳಗಿನವರಿಗೆ ದಾಟಿಸಿ ಕೈ ತೊಳೆದುಕೊಳ್ಳುವಂತಿಲ್ಲ. ಬಾಳೇಶರು ಉಸಿರು ಬಿಟ್ಟು ಸಹಿ ಹಾಕಿದರು.

ಬೆಳಗಾವಿಯ ಸೈಬರ್ ಠಾಣೆಯವರ ನೆರವಿನಿಂದ ಮಾರ್ಚ್ 1ರ ಮಧ್ಯಾಹ್ನ ಖಾತೆ ಮಾಸ್ತರರ ಕೈಗೆ ಮರಳಿ ಬಂತು. ಒಳಗೆ ಏನೂ ಇರಲಿಲ್ಲ. ಉಳಿದದ್ದು ಏನೇನು ಯಾವಾಗ ಅಳಿಯಿತು ಎಂಬ ಪಟ್ಟಿ ಮಾತ್ರ. ಮಹಿಳಾ ಕಾನ್ಸ್‌ಟೇಬಲ್ ಮಾಲಾ ಅದನ್ನು ಮುದ್ರಿಸಿ ತಂದು ಮೇಜಿನ ಮೇಲೆ ಹರಡಿದಳು.

"ಸರ್, ಇಲ್ಲೆ ನೋಡ್ರಿ. ಮೊದಲಿಗೆ ಮೂವತ್ತಾರು ನಕಾಶೆ ಒಂದೊಂದಾಗಿ ಅಳಿಸ್ಯಾರ. 5.12ರಿಂದ 5.31ರ ತನಕ. ಆಮ್ಯಾಲ ಉಳಿದದ್ದೆಲ್ಲಾ ಒಂದ ಏಟಿಗೆ."

ಬಾಳೇಶರು ಮಾಸ್ತರರತ್ತ ನೋಡಿದರು. "ಯಾವ ನಕಾಶೆರಿ ಅವು?"

"ಬಟ್ಟೆ ಮ್ಯಾಲ ಬಣ್ಣದಾಗ ಬರದದ್ದು ರೀ. ಮೊದಲ ಮೂಡಲಗಿ ಕಡೆ ಸಾಲಿಯಾಗ ಇದ್ದೆ. ಅಲ್ಲೆ ಹಳೇ ಸಾಮಾನು ಒಗಿಯೂ ಅಡಗಲ ಖೋಲಿಯಾಗ ಬಿದ್ದಿದ್ವು. ಫೋಟೋ ಹೊಡದು ಹಾಕಿದ್ದೆ."

"ಬರದವರು ಯಾರು?"

"ಗೊತ್ತಿಲ್ರಿ. ಕೆಳಗಿನ ಪಟ್ಟಿ ಇಲಿ ಕಡದಿತ್ತು. ಚೆಂದ ಕಾಣ್ಲಿ ಅಂತ ಫೋಟೋದಾಗ ಅಷ್ಟು ಕತ್ತರಿಸಿದೆ."

"ಪಾಸ್‌ವರ್ಡ್ ಬದಲಿಸಾಕ ಓಟಿಪಿ ಹೋಗಿದ್ದು 41ಕ್ಕ ಮುಗಿಯೂ ನಂಬರ್‌ಗೆ. ಅದು ನಿಮ್ಮದೇನ್ರಿ?"

ಮಾಸ್ತರರು ಬಹಳ ಹೊತ್ತು ಯೋಚಿಸಿ ಅಲ್ಲವೆಂದು ತಲೆಯಾಡಿಸಿದರು.

ಆ ನಂಬರ್ ಹುಕ್ಕೇರಿಯ ಆನ್‌ಲೈನ್ ಸೆಂಟರ್ ಒಂದರದ್ದು. ಮಾರ್ಚ್ 3, ಸೋಮವಾರ ಬೆಳಿಗ್ಗೆ 11.15ಕ್ಕೆ ಬಾಳೇಶ ಮತ್ತು ಮಾಲಾ ಅಲ್ಲಿಗೆ ಹೋದಾಗ ಜಾತಿ ಪ್ರಮಾಣಪತ್ರ, ಪಹಣಿ, ಪಿಂಚಣಿ ಎಂದು ಜನ ಮೆಟ್ಟಿಲ ತನಕ ನಿಂತಿದ್ದರು. ರಮಜಾನ್ ಉಪವಾಸದಲ್ಲಿದ್ದ ಮಾಲೀಕ ಯಾಸೀನ ಒಣಗಿದ ತುಟಿ ಸವರಿಕೊಳ್ಳುತ್ತ ಎದ್ದು ನಿಂತ.

"ಹಂಜಿ ಮಾಸ್ತರ ಖಾತೆಗೆ ನಿನ್ನ ನಂಬರ್ ಹೆಂಗ ಬಂತು?"

ಯಾಸೀನ ಒಂದು ದಪ್ಪ ರಿಜಿಸ್ಟರ್ ತೆಗೆದ. "ಖರೆ ಹೇಳ್ತೇನ್ರಿ ಸಾಹೇಬ್ರ. ಅವರು ನೌಕರಿ ಅರ್ಜಿ ತುಂಬಾಕ ಬಂದಿದ್ರು, 2014ರಾಗ. ಮಂದಿ ಪದೇಪದೇ ಸಿಮ್ ಬದಲಿ ಮಾಡ್ತಾರ, ಓಟಿಪಿ ಎಲ್ಲೆ ಹುಡುಕೂದ್ರಿ? ಅದಕ್ಕ ಎಲ್ಲಾರ ಖಾತೆಗೂ ಅಂಗಡಿ ನಂಬರ್ ಹಾಕ್ತಿದ್ವಿ."

"ಎಲ್ಲಾರದಕ್ಕೂ?"

"ಹೂಂ ರಿ. ಒಂದು ನಾಕನೂರು ಮಂದಿದು ಇರಬೇಕ್ರಿ."

ನಾನೂರು ಮನೆಯ ಕೀಲಿಕೈ ಒಂದೇ ಮೊಳೆಗೆ ತೂಗುಹಾಕಿದಂತಾಯಿತು. ನೌಕರಿ ಬಂದ ಮೇಲೆ ಮಾಸ್ತರರು ಹೊಸ ಸಿಮ್ ಕೊಂಡರು, ಹೊಸ ಮೊಬೈಲ್ ಕೊಂಡರು. ಖಾತೆಯ ನಂಬರ್ ಬದಲಿಸುವುದು ಮಾತ್ರ ಅವರಿಗೆ ಹೊಳೆಯಲೇ ಇಲ್ಲ. ಬಾಳೇಶರಿಗೆ ಮಾಸ್ತರರ ಮೇಲೆ ಸಿಟ್ಟು ಬಂತು. ತಮ್ಮ ಖಾತೆಗೆ ಯಾವ ನಂಬರ್ ಇದೆಯೆಂದು ತಮಗೂ ಗೊತ್ತಿಲ್ಲ ಎಂಬುದು ನೆನಪಾಗಿ ಆ ಸಿಟ್ಟು ಹಾಗೇ ಇಳಿಯಿತು.

"ಫೆಬ್ರುವರಿ 25, ಸಂಜೆ ಐದು ಗಂಟೆಕ್ಕ ಎಲ್ಲಿದ್ದಿ?"

"ನಮಾಜಿಗೆ ಹೋಗಿರ್ತೇನ್ರಿ. ದಿನಾ ಆ ಹೊತ್ತಿನಾಗ ಜಹೀರಾ ನೋಡ್ಕೊತಾಳ."

ಕೌಂಟರಿನ ಹಿಂದೆ ಕೂತಿದ್ದ ಇಪ್ಪತ್ನಾಲ್ಕರ ಹುಡುಗಿ ತಲೆ ಎತ್ತಿದಳು. "ನಾ ಏನೂ ನೋಡಿಲ್ರಿ" ಎಂದಳು. ಅಂಗಡಿಯ ಮೊಬೈಲ್ ಅವಳ ಕೈಯಲ್ಲೇ ಇತ್ತು.

ಕೈಯಲ್ಲಿ ಮೊಬೈಲ್ ಇದ್ದ ಮಾತ್ರಕ್ಕೆ ಯಾರೂ ಕಳ್ಳರಾಗುವುದಿಲ್ಲ. ಕಾರಣ ಬೇಕಿತ್ತು. ಮಾರ್ಚ್ 4ರ ಬೆಳಿಗ್ಗೆ 10ಕ್ಕೆ ಮಾಸ್ತರರ ಚೀಲದಲ್ಲಿ ಉಳಿದಿದ್ದ ಒಂದು ನಕಾಶೆಯ ಪ್ರಿಂಟ್ ಹಿಡಿದು ಬಾಳೇಶರು ಮೂಡಲಗಿ ಕಡೆಯ ಆ ಹಳೆಯ ಶಾಲೆಗೆ ಹೋದರು. ಹೊಸ ಮುಖ್ಯೋಪಾಧ್ಯಾಯರಿಗೆ ಏನೂ ತಿಳಿಯದು. ಬಿಸಿಯೂಟದ ಅಡುಗೆಯ ಕಾಡವ್ವ ಮಾತ್ರ ಸೌಟು ಹಿಡಿದುಕೊಂಡೇ ಬಂದು ನೋಡಿದಳು.

"ಅಯ್ಯ, ಇವು ನಮ್ಮ ನಿಜಾಮಸಾಬ ಮಾಸ್ತರ ನಕಾಶೆರಿ! ರಜಾ ಬಂದ್ರ ಸಾಕು, ಇಲ್ಲೆ ಕಟ್ಟಿ ಮ್ಯಾಲ ಕುಂತು ಬರೀತಿದ್ರು. ಖೋಲಿ ಖಾಲಿ ಮಾಡೂ ಮುಂದ ನಾನ ಸುರಳಿ ಸುತ್ತಿ ಅವರ ಮನಿಗೆ ಮುಟ್ಟಿಸೇನಿ."

ನಿವೃತ್ತರಾಗಿ ಹತ್ತೊಂಬತ್ತು ವರ್ಷವಾಗಿದ್ದ ನಿಜಾಮಸಾಬರು ಮೂಡಲಗಿಯ ಮನೆಯ ಪಡಸಾಲೆಯಲ್ಲಿ ಸುರುಳಿಯೊಂದನ್ನು ತಡವಿ ತಡವಿ ಬಿಚ್ಚಿದರು. ಮಲಪ್ರಭೆ ಘಟಪ್ರಭೆಗಳ ನೀಲಿ ಇನ್ನೂ ಮಾಸಿರಲಿಲ್ಲ. ಇಲಿ ಕಡಿದ ಕೆಳಗಿನ ಪಟ್ಟಿಯಲ್ಲಿ ಸಣ್ಣ ಅಕ್ಷರವಿತ್ತು: ನಿಜಾಮಸಾಬ, ಸಹಶಿಕ್ಷಕ, 1987.

"ಕಣ್ಣು ಮಂಜ ಆಗ್ಯಾವ್ರಿ. ಮೊಮ್ಮಗಳು ಮೊಬೈಲಿನ್ಯಾಗ ದೊಡ್ಡದು ಮಾಡಿ ತೋರಿಸಿದ್ಳು. ಮಕ್ಕಳು ಓದಾಕತ್ತಾರಂತ ಖುಷಿ ಆತ್ರಿ."

"ನಿಮ್ಮ ಹೆಸರು ಇತ್ತೇನ್ರಿ ಅದರಾಗ?"

"ಇಲ್ಲಂದ್ಳು. 'ಸಂಗ್ರಹ, ಪರಶುರಾಮ ಹಂಜಿ' ಅಂತ ಇತ್ತಂತ. ಇರ್ಲಿ ಅಂದೆ." ಬೆರಳು ಆ ಪಟ್ಟಿಯ ಮೇಲೇ ಆಡುತ್ತಿತ್ತು.

"ಮೊಮ್ಮಗಳು ಏನ್ ಮಾಡ್ತಾಳ?"

"ಹುಕ್ಕೇರಿಯಾಗ ಅವರತ್ತಿ ಮನಿಯಾಗ ಇರ್ತಾಳ್ರಿ. ಆನ್‌ಲೈನ್ ಸೆಂಟರಿನ್ಯಾಗ ಕೆಲಸ. ಜಹೀರಾ ಅಂತ."

ಈ ಉತ್ತರ ಬರುತ್ತದೆಂದು ಬಾಳೇಶರಿಗೆ ಗೊತ್ತಿತ್ತು. ಬಾರದಿರಲಿ ಎಂದು ಒಳಗೊಳಗೇ ಅಂದುಕೊಂಡಿದ್ದರು.

"ಸರ್, ನಕಾಶೆ ಜಪ್ತಿ ಮಾಡೂದೇನ್ರಿ?" ಹೊರಗೆ ಬಂದ ಮೇಲೆ ಮಾಲಾ ಕೇಳಿದಳು. "ಕಾರಣಕ್ಕ ಪುರಾವೆ ಆಗ್ತಾವಲ್ರಿ."

"ಫೋಟೋ ಸಾಕು. ಅವು ಮನಿಯಾಗ ಇರ್ಲಿ."

ಅದೇ ದಿನ ಮಧ್ಯಾಹ್ನ 2.50, ಹುಕ್ಕೇರಿ. ಜಹೀರಾ ಈ ಸಲ ಸುಳ್ಳು ಹೇಳಲಿಲ್ಲ. ತನ್ನ ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು.

"ಎಲ್ಲಾ ಇದರಾಗ ಐತ್ರಿ. ಒಂದೂ ಹಾಳ್ ಮಾಡಿಲ್ಲ."

"ಮತ್ಯಾಕ ಅಳಿಸಿದಿ?"

"ಮೂರು ಸಲ ಮೆಸೇಜ್ ಹಾಕಿದ್ದೆ ರೀ, ಹೆಸರು ಹಾಕ್ರಿ ಸರ್ ಅಂತ. ನೋಡ್ಯಾರ, ಉತ್ತರ ಕೊಡಲಿಲ್ಲ. ಅಂಗಡಿ ರಿಜಿಸ್ಟರಿನ್ಯಾಗ ಅವರ ಖಾತೆ ಸಿಕ್ತು. ಹೆಸರು ಹಾಕೂತನಾ ಇಟ್ಕೋಬೇಕಂತ ಮಾಡಿದ್ದೆ."

"ಉಳಿದದ್ದು?"

"ನಕಾಶೆ ಅಷ್ಟ ತಗದ್ರ ನಾನ ಅಂತ ಗೊತ್ತಾಗ್ತಿತ್ತಲ್ರಿ."

ಇಬ್ಬರು ಪಂಚರ ಎದುರು ಪಂಚನಾಮೆಯಾಯಿತು. ಪೆನ್‌ಡ್ರೈವ್ ಲಕೋಟೆ ಸೇರಿ ಅರಗಿನ ಮುದ್ರೆ ಬಿತ್ತು. 3.40ಕ್ಕೆ ಮಾಲಾ ಬಂಧನದ ಕಾಗದಕ್ಕೆ ಅವಳ ಸಹಿ ಪಡೆದಳು. ಮಹಿಳೆಯ ಬಂಧನ, ಹೊತ್ತು ಮುಳುಗುವ ಮೊದಲು ಎಲ್ಲ ಮುಗಿಯಬೇಕು. ಜೊತೆಗೆ ಹುಡುಗಿಯದು ರೋಜಾ ಉಪವಾಸ. ಬಾಳೇಶರು ಚಾಲಕನಿಗೆ ಜೋರಾಗಿ ಓಡಿಸಲು ಹೇಳಿದರು.

ಗೋಕಾಕ ಠಾಣೆಯಲ್ಲಿ ಹಂಜಿ ಮಾಸ್ತರರು ಲಕೋಟೆ ಕಂಡು ಎದ್ದೇ ಬಿಟ್ಟರು. "ಒಂದ ಕಾಪಿ ಮಾಡ್ಕೊಡ್ರಿ ಸಾಹೇಬ್ರ!"

"ಈಗ ಕಂಪ್ಯೂಟರಿಗೆ ಹಚ್ಚಿದ್ರ ಪುರಾವೆ ಕೆಡತೈತಿ. ಲ್ಯಾಬಿಗೆ ಹೋಗಿ ಬರಬೇಕು. ಮೂರು ತಿಂಗಳು ಹಿಡಿಯತೈತಿ." ತಮ್ಮ ಮಾತು ತಮಗೇ ಬೇಸರ ತರಿಸಿತು. "ಮೆಸೇಜ್ ಬಂದಿದ್ವೇನ್ರಿ?"

ಮಾಸ್ತರರು ಮೊಬೈಲ್ ತೆಗೆದು ನೂರಾರು ಶುಭೋದಯಗಳ ಕೆಳಗೆ ಹುಡುಕಿದರು. ಮೂರೂ ಇದ್ದವು. ಮುಖ ಕಪ್ಪಿಟ್ಟಿತು. "ತೆರದೇನಿ... ಓದಿಲ್ರಿ" ಎಂದರು.

ಬಂಧನದ ಸುದ್ದಿ ಮುಟ್ಟಿ 5.45ಕ್ಕೆ ನಿಜಾಮಸಾಬರು ನೆರೆಯವರ ಗಾಡಿಯಲ್ಲಿ ಬಂದಿಳಿದರು. ಕಂಕುಳಲ್ಲಿ ಚಾದರದಲ್ಲಿ ಕಟ್ಟಿದ ದೊಡ್ಡ ಗಂಟು.

"ನಾ ಹೇಳಿದ್ನೇನವಾ ನಿನಗ, ಹೆಸರು ಬೇಕಂತ?"

"ಹೇಳಲಿಲ್ಲ ದಾದಾ," ಜಹೀರಾ ಮೊದಲ ಸಲ ಅತ್ತಳು. "ನೀ ಏನೂ ಹೇಳಲಿಲ್ಲ. ಕಣ್ಣು ಮಂಜಾದ್ರೂ ಬರೀತಿದ್ದಿ, ಮೊಬೈಲಿನ್ಯಾಗ ತೋರಿಸಿದ ದಿನದಿಂದ ಕುಂಚ ಮುಟ್ಟಲಿಲ್ಲ."

ಬಳಿಕ ಮುದುಕರು ಗಂಟನ್ನು ಹಂಜಿ ಮಾಸ್ತರರ ಕೈಗಿಟ್ಟರು. "ಮೂವತ್ತಾರೂ ಅದಾವ್ರಿ. ಪರೀಕ್ಷೆ ಮುಗಿಯೂತನಾ ಇಟ್ಕೋರಿ. ಮಕ್ಕಳದೇನ್ ತಪ್ಪ ಐತಿ?"

ಮಾಸ್ತರರು ಬಾಗಿ ಅವರ ಕಾಲು ಮುಟ್ಟಿದರು. ದೂರು ಹಿಂತೆಗೆದುಕೊಳ್ಳುತ್ತೇನೆ ಎಂದರು. ಅದು ಇನ್ನು ಕೋರ್ಟಿನಲ್ಲಿ ಹೇಳುವ ಮಾತು ಎಂದು ಬಾಳೇಶರು ತಿಳಿಸಿದರು. ಜಾಮೀನು ಸಿಗುವ ಅಪರಾಧವಾದ್ದರಿಂದ 6.10ಕ್ಕೆ ಕಾಗದ ಮುಗಿಸಿ ಹುಡುಗಿಯನ್ನು ಬಿಟ್ಟರು. ಮಾಲಾ ತನ್ನ ಡಬ್ಬಿಯಲ್ಲಿದ್ದ ನಾಲ್ಕು ಬಾಳೆಹಣ್ಣು ಕಟ್ಟಿಕೊಟ್ಟಳು, ರೋಜಾ ಬಿಡುವ ಹೊತ್ತಿಗೆ ದಾರಿಯಲ್ಲಿ ಬೇಕಾದೀತು ಎಂದು.

ಅಪರಾಧದ ಕಾರಣ ಎಂಬಲ್ಲಿ ಬಾಳೇಶರು "ವೈಯಕ್ತಿಕ ಅಸಮಾಧಾನ" ಎಂದು ಬರೆದರು. ಅದರಲ್ಲಿ ಅಜ್ಜನೂ ಇರಲಿಲ್ಲ, ಕುಂಚವೂ ಇರಲಿಲ್ಲ. ಅದನ್ನು ಹೊಡೆದುಹಾಕಿ ಬೇರೆ ಬರೆಯಲು ನೋಡಿದರು, ಮಾತು ಸಿಗದೆ ಹಾಗೇ ಬಿಟ್ಟರು.

ವಾರದ ಬಳಿಕ ಒಂದು ಸಂಜೆ ಪೂನಮ್ ಊಟದ ಮೇಜಿನ ಮೇಲೆ ನದಿಗಳಿಗೆ ನೀಲಿ ಬಣ್ಣ ತುಂಬುತ್ತ ಕೂತಿದ್ದಳು. ಮಾಸ್ತರರು ಬಟ್ಟೆಯ ನಕಾಶೆಗಳನ್ನು ಶಾಲೆಯಿಂದ ಶಾಲೆಗೆ ಒಯ್ದು ಗೋಡೆಗೆ ತೂಗುಹಾಕುತ್ತಿದ್ದಾರಂತೆ. ಮಂಜುಗಣ್ಣಿನ ಒಬ್ಬರು ಅಜ್ಜ ಜೊತೆಗೆ ಬಂದು, ನೋಡದೆಯೇ ಊರುಗಳ ಮೇಲೆ ಕೋಲಿಡುತ್ತಾರಂತೆ. ಬಾಳೇಶರು ಬೂಟು ಬಿಚ್ಚುತ್ತ ಬಗ್ಗಿ ನೋಡಿದರು. ಹಾಳೆಯ ಕೆಳಗೆ ಮಗಳು ಒಂದು ಪಟ್ಟಿ ಎಳೆದು, ಅದರೊಳಗೆ ಬರೆದಿದ್ದಳು: "ಆಕರ: ನಿಜಾಮಸಾಬ ಸರ್, ಮೂಡಲಗಿ, 1987."